ಪ್ರತಿ ಖರೀದಿಗೂ ಸನ್ಮಾನ!

ಕಾಸರಗೋಡಿನ ಹೊಸ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಜಾಹೀರಾತು ಆಫೀಸಿನಲ್ಲಿ ನನ್ನ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಬರುವ ಜಾಹೀರಾತುಗಳಿಗೆ ಕನ್ನಡದ ತಲೆಬರಹ ಬರೆಯುತ್ತೇನೆ. ಮಲಯಾಳದ್ದನ್ನು ಪಕ್ಕದ ಮೇಜಿನವರು ಬರೆಯುತ್ತಾರೆ. ಹೆಚ್ಚಿನ ಸಲ ಅವರದ್ದು ಮೊದಲು ಬರುತ್ತದೆ, ನನ್ನದು ಅದರ ಬಾಲ ಹಿಡಿದು ಹೋಗುತ್ತದೆ. ಎಡವಟ್ಟು ಆದದ್ದೂ ಅಲ್ಲೇ.

ಒಂದು ವರ್ಷ ಓಣಂ, ಚೌತಿ ಎರಡೂ ಹತ್ತಿರ ಹತ್ತಿರ ಬಂದಿತ್ತು. ಬಟ್ಟೆ ಅಂಗಡಿಯೊಂದರ ಜಾಹೀರಾತು. ಸಂಜೆ ಏಳು ಗಂಟೆ, ಎಂಟಕ್ಕೆ ಬಿಡಬೇಕು. ಮಲಯಾಳದ ಸಾಲಿನಲ್ಲಿ 'ಸಮ್ಮಾನಂ' ಎಂದಿತ್ತು. ಅವರ ಭಾಷೆಯಲ್ಲಿ ಅದು ಬಹುಮಾನ, ಉಡುಗೊರೆ. ನಾನು ಅವಸರದಲ್ಲಿ ಬರೆದು ಬಿಟ್ಟೆ: 'ಪ್ರತಿ ಖರೀದಿಗೂ ಸನ್ಮಾನ!'

ಅರ್ಧ ಗಂಟೆಯಲ್ಲಿ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಕೇಳಿದರು, 'ಶಾಲು ನೀವೇ ಹೊದಿಸ್ತೀರೋ, ನಾವು ತರಬೇಕೋ?' ಇನ್ನೊಬ್ಬರು, 'ಹಣ್ಣಿನ ಬುಟ್ಟಿ ಉಂಟಾ ಮಾರಾಯ್ರೆ?' ಅಂಗಡಿ ಯಜಮಾನರು ಒಳ್ಳೆಯವರು, ನಕ್ಕರು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಅಂದಿನಿಂದ ನನ್ನ ಮೇಜಿನ ಗಾಜಿನಡಿ ಒಂದು ಚೀಟಿ ಇದೆ. 'ಅವಸರ' ಎಂದರೆ ಮಲಯಾಳದಲ್ಲಿ ಅವಕಾಶ. ಅಲ್ಲಿನ 'ಸುವರ್ಣಾವಸರ'ವನ್ನು ಹಾಗೇ ಎತ್ತಿದರೆ ನಮಗೆ ಅದು ಬಂಗಾರದ ಗಡಿಬಿಡಿ. 'ಆದಾಯ ವಿಲ್ಪನ' ಎಂದರೆ ರಿಯಾಯಿತಿ ಮಾರಾಟ. ನಮ್ಮ ಆದಾಯಕ್ಕೆ ತೆರಿಗೆ ಇಲಾಖೆ ಮಾತ್ರ ನೆನಪಾಗುತ್ತದೆ. 'ಅಪೇಕ್ಷ' ಅಲ್ಲಿ ಅರ್ಜಿ, ಇಲ್ಲಿ ಆಸೆ. ಏಳು ಭಾಷೆಯ ಊರು ಎಂದು ನಾವು ಹೆಮ್ಮೆಪಡುತ್ತೇವಲ್ಲ, ಅದರ ಬಾಡಿಗೆ ಇದು.

ಚೀಟಿಯಿಂದ ತಪ್ಪು ತಪ್ಪಿತು, ಸರಿ. ಆದರೆ ತಪ್ಪಿಲ್ಲದ ಸಾಲು ಬೇರೆ, ಜನ ನಿಂತು ಓದುವ ಸಾಲು ಬೇರೆ. ಅದು ನನಗೆ ಗೊತ್ತಾದದ್ದು ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್‌ನ ಕೆಲಸ ಬಂದಾಗ. ಪೈಪಿನ ಚೌಕಟ್ಟು, ಮೇಲೆ ಪಾರದರ್ಶಕ ಶೀಟು, ಅಷ್ಟೇ. ಡ್ರೈಯರ್ ಮಾರುವ ಯಜಮಾನರು ಕೊಟ್ಟ ಸಾಲು: 'ಅತ್ಯಾಧುನಿಕ ತಂತ್ರಜ್ಞಾನದ ಸೋಲಾರ್ ಡ್ರೈಯರ್ ಈಗ ನಿಮ್ಮ ಊರಿನಲ್ಲಿ'. ನಾನು ಬಹಳ ಯೋಚಿಸಿ ಬರೆದದ್ದು: 'ಸೂರ್ಯನೇ ನಿಮ್ಮ ಆಳು'. ನನಗೆ ಅದರ ಮೇಲೆ ಭಾರಿ ಪ್ರೀತಿ. ಎರಡನ್ನೂ ಒಂದೇ ಚಿತ್ರದ ಜೊತೆ, ಒಂದೇ ಖರ್ಚಿನಲ್ಲಿ ಬಿಟ್ಟೆವು. ಎರಡಕ್ಕೂ ಫೋನು ಬರಲಿಲ್ಲ.

ಆಮೇಲೆ ಯಜಮಾನರ ಹತ್ತಿರ ಹಳೆಯ ಗಿರಾಕಿಗಳ ನಂಬರು ಕೇಳಿ ನಾನೇ ಫೋನು ಮಾಡಿದೆ. 'ಯಾಕೆ ತಗೊಂಡಿರಿ?' ಎಂದಷ್ಟೇ ಪ್ರಶ್ನೆ. ಪೆರ್ಲ ಕಡೆಯ ಹಿರಿಯರೊಬ್ಬರು ಹೇಳಿದರು: 'ಅಲ್ಲ ಅಕ್ಕ, ರಾತ್ರಿ ಎರಡು ಗಂಟೆಗೆ ಎದ್ದು ಅಂಗಳಕ್ಕೆ ಓಡಿ ಟರ್ಪಾಲು ಮುಚ್ಚುವುದು ಯಾರು? ಮಕ್ಕಳು ಬೆಂಗಳೂರಲ್ಲಿ. ನಾನೂ ಇವಳೂ ಎರಡೇ ಜನ.'

ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ಸುಮಾರು 40 ದಿನ ಒಳ್ಳೆ ಬಿಸಿಲು ಬೇಕು. ನಡುವೆ ಒಂದು ಮಳೆಗೆ ನೆನೆದರೆ ಬೂಷ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಇದೆಲ್ಲ ನನಗೂ ಗೊತ್ತು, ನಾನೂ ಅಡಿಕೆ ಅಂಗಳದಲ್ಲೇ ಬೆಳೆದವಳು. ಆದರೂ ಬರೆಯಲು ಕೂತಾಗ ಸೂರ್ಯ ನೆನಪಾದ, ಟರ್ಪಾಲು ನೆನಪಾಗಲಿಲ್ಲ. ನೋಡಿ!

ಹೊಸ ತಲೆಬರಹ: 'ರಾತ್ರಿ ಎದ್ದು ಟರ್ಪಾಲು ಮುಚ್ಚುವ ಕೆಲಸ ಇಲ್ಲ'. ಜಾಣತನ ಏನೂ ಇಲ್ಲ, ಪ್ರಾಸ ಇಲ್ಲ. ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಫೋನು ಬಂತು. ಕೆಲವರು ಡ್ರೈಯರ್ ಎಂಬ ಹೆಸರನ್ನೇ ಎತ್ತಲಿಲ್ಲ, 'ಆ ಟರ್ಪಾಲಿನದ್ದು' ಎಂದರು.

ಈಗ ಯಾವ ಕೆಲಸ ಬಂದರೂ ಮೊದಲು ಗಿರಾಕಿಗಳಿಗೆ ಫೋನು. ಅವರ ಬಾಯಿಂದ ಬಂದದ್ದನ್ನು ಹಾಗೇ ಬರೆದಿಟ್ಟುಕೊಳ್ಳುತ್ತೇನೆ. 'ಇದನ್ನು ನೋಡಿದರೆ ದಂಗಾಗ್ತೀರಿ' ತರದ್ದನ್ನೂ ಒಮ್ಮೆ ಹಾಕಿ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಸುಮ್ನೆ ಒತ್ತಿ ಹೋಗುವವರೇ ಜಾಸ್ತಿ. ಒತ್ತಿದ್ದಕ್ಕೆಲ್ಲ ದುಡ್ಡು ಹೋಗುತ್ತದೆ, ಅಂಗಡಿಗೆ ಯಾರೂ ಬರುವುದಿಲ್ಲ.

ಇನ್ನೊಂದು ಪೆಟ್ಟು ತಿಂದದ್ದು ಆಯುರ್ವೇದದ ಜಾಹೀರಾತಿನಲ್ಲಿ. 'ನಿಮಗೆ ಗಂಟುನೋವು ಇದೆಯೇ?' ಎಂದು ಬರೆದೆ, ತಿರಸ್ಕಾರವಾಗಿ ಬಂತು. ಓದುವವರ ಕಾಯಿಲೆ ನಮಗೆ ಗೊತ್ತು ಎಂಬ ಧಾಟಿಯಲ್ಲಿ ಬರೆಯುವಂತಿಲ್ಲ, ಫೇಸ್‌ಬುಕ್‌ನ ನಿಯಮದಲ್ಲೇ ಅದು ಇದೆ. ಓದದೇ ಇದ್ದದ್ದು ನಾನು. 'ಗಂಟುನೋವಿಗೆ ಆಯುರ್ವೇದ ಚಿಕಿತ್ಸೆ' ಎಂದು ಬದಲಿಸಿದೆ, ಹೋಯಿತು. ಯೋಚಿಸಿದರೆ ನಿಯಮ ಸರಿಯೇ. ಬಸ್ಸಿನಲ್ಲಿ ಪಕ್ಕ ಕೂತವರು ಮೊಬೈಲು ಇಣುಕುವಾಗ ನಿಮ್ಮ ಮಂಡಿಯ ಸುದ್ದಿ ಅಲ್ಲಿ ಯಾಕೆ, ಅಲ್ವಾ?

ತಲೆಬರಹ ಎಷ್ಟು ಉದ್ದ ಇರಬೇಕು ಎಂಬ ಜಗಳ ಮುಗಿಯುವುದೇ ಇಲ್ಲ. ಫೇಸ್‌ಬುಕ್‌ನಲ್ಲಿ ತಲೆಬರಹ ಚಿತ್ರದ ಕೆಳಗೆ, ಬಟನ್ನಿನ ಪಕ್ಕದಲ್ಲಿ ಕೂರುತ್ತದೆ. ಸ್ವಲ್ಪ ಉದ್ದವಾದರೂ ಕತ್ತರಿ. ಹಾಗಾಗಿ ಟರ್ಪಾಲು, ಮಳೆ ತರದ ಪದ ಮೊದಲೇ ಬರಬೇಕು, ಅಂಗಡಿ ಹೆಸರು ಆಮೇಲೆ. ಯಜಮಾನರಿಗೆ ಇದನ್ನು ಒಪ್ಪಿಸುವುದೇ ಅರ್ಧ ಕೆಲಸ. ಗೂಗಲ್ ಸರ್ಚ್ ಜಾಹೀರಾತಿನಲ್ಲಂತೂ ಒಂದು ತಲೆಬರಹಕ್ಕೆ 30 ಅಕ್ಷರ ಮಾತ್ರ. ಅದೂ ನಮ್ಮ ಲೆಕ್ಕದ ಅಕ್ಷರ ಅಲ್ಲ. 'ಮಂಜೇಶ್ವರ' ನಮಗೆ ನಾಲ್ಕು, ಕಂಪ್ಯೂಟರಿಗೆ ಎಂಟು. ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. 'ಸ್ತ್ರೀ' ಒಂದಕ್ಕೇ ಆರು! ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ಸಂಸ್ಕೃತದ ಒತ್ತಕ್ಷರ ಬಿಟ್ಟು ಮನೆಮಾತು ಬರೆಯಲು ನನಗೆ ಇದೂ ಒಂದು ಕಾರಣ.

ಡ್ರೈಯರ್ ಯಜಮಾನರು ಈಗ ಗಿರಾಕಿಗಳ ವಾಯ್ಸ್ ಮೆಸೇಜನ್ನು ನೇರ ನನಗೇ ಕಳಿಸುತ್ತಾರೆ. ನಿನ್ನೆ ಒಬ್ಬ ಅಮ್ಮನದ್ದು ಬಂತು: 'ಈ ಸಲ ತಂಗಿ ಮಗಳ ಮದುವೆಗೆ ಹೋಗಿ ರಾತ್ರಿ ಅಲ್ಲೇ ನಿಂತೆವು. ಅಡಿಕೆ ಒಳಗಿತ್ತಲ್ಲ.' ಕೇಳಿದ ಕೂಡಲೇ ಸಾಲು ಸಿಕ್ಕಿತು: 'ಮದುವೆಗೆ ಹೋಗಿ ಬನ್ನಿ, ಅಡಿಕೆ ಒಳಗಿದೆ'. ಫೇಸ್‌ಬುಕ್‌ಗೆ ಹಾಕಿಯಾಯಿತು. ಗೂಗಲ್‌ಗೂ ಅದೇ ಬೇಕಂತೆ. ಎಣಿಸಿದರೆ 32. ಅಲ್ಪವಿರಾಮ ತೆಗೆದರೂ ಇನ್ನೂ ಒಂದು ಜಾಸ್ತಿ.