ಲಾಬಿ ಅಣ್ಣ

28 ಡಿಸೆಂಬರ್ 2025, ರವಿವಾರ
ಕಾರವಾರ, ರಾತ್ರಿ 10.30

ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಬರೆಯುತ್ತಿದ್ದೇನೆ. ಬಲಗಾಲು ಮಡಚಲು ಬರುತ್ತಿಲ್ಲ. ನಲವತ್ಮೂರನೇ ವಯಸ್ಸಿಗೆ ಕಬಡ್ಡಿ ಆಡಿದ್ದಕ್ಕೆ ಇಷ್ಟಾದರೂ ಆಗಬೇಕಲ್ವಾ.

ಇವತ್ತು ಕುಮಟಾದಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಕೂಟ. ಬೆಳಿಗ್ಗೆಯ ಬಸ್ಸು ಹಿಡಿದು ಹೋದೆ. ಬನ್ಸ್ ಭಾಜಿ ಚೆನ್ನಾಗಿತ್ತು. ಆಮೇಲೆ ಶಾಲು, ಹಾರ, ಭಾಷಣ. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಅರ್ಧ ಸಭೆ ಮೊಬೈಲ್ ನೋಡುತ್ತಿತ್ತು, ನಾನೂ ನೋಡುತ್ತಿದ್ದೆ.

ಮೂರೂವರೆಗೆ ಎಲ್ಲರೂ ಮೈದಾನಕ್ಕೆ ಇಳಿದೆವು. ಮುರುಗಲ ಶರಬತ್ತಿನ ಲೋಟ ಹಿಡಿದು ನಿಂತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ಮೊದಲ ವರ್ಷದವನಿರಬೇಕು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ ಕೇಳಿದ: ‘ಅಣ್ಣಾ, ಲಾಬಿ ಅಣ್ಣ ಅಂದ್ರೆ ನೀವೇನಾ?’

ನಾನು ಆ ಆಟ ಆಡಿದಾಗ ಇವನು ಹುಟ್ಟಿಯೇ ಇರಲಿಲ್ಲ!

ಆ ಕತೆ ಬರೆದೇ ಬಿಡುತ್ತೇನೆ. 2003. ನಾನು ಬಿ.ಕಾಂ. ಕೊನೆಯ ವರ್ಷ, ತಂಡದಲ್ಲಿ ಎಕ್ಸ್‌ಟ್ರಾ. ಕಬಡ್ಡಿಯಲ್ಲಿ ಅಂಕಣದಲ್ಲಿ ಇರುವವರು ಏಳು ಜನ, ಉಳಿದವರು ಹೊರಗೆ ಕೂತು ನೀರಿನ ಬಾಟಲಿ ಕಾಯಬೇಕು. ಮೂರು ವರ್ಷ ನಾನು ಬಾಟಲಿ ಕಾದವನು. ಅಂದು ಘಟ್ಟದ ಮೇಲಿನ ಕಾಲೇಜಿನ ಮೇಲೆ ಫೈನಲ್. ಘಟ್ಟದ ಮೇಲಿನವರು, ಕೆಳಗಿನವರು ಅಂದರೆ ನಮ್ಮ ಜಿಲ್ಲೆಯಲ್ಲಿ ಮದುವೆ ಊಟದಲ್ಲೂ ಪೈಪೋಟಿ. ಎರಡನೇ ಅರ್ಧದಲ್ಲಿ ನಮ್ಮ ಮುಖ್ಯ ರೈಡರ್ ಕಾಲು ಉಳುಕಿಸಿಕೊಂಡ. ಆಟ ಕಲಿಸುವ ಪಿ.ಡಿ. ಸರ್ ನನ್ನ ಕಡೆ ನೋಡಿದರು. ಬೇರೆ ದಾರಿ ಇಲ್ಲದವರ ನೋಟ ಅದು.

ಎರಡೂ ಕಡೆ ಸಮ ಸಮ ಅಂಕ, ಕೊನೆಯ ನಿಮಿಷ. ನಾನು ರೈಡ್ ಹೋದೆ. 10 ಮೀಟರ್ ಅಗಲದ ಅಂಕಣದಲ್ಲಿ ಎರಡೂ ಪಕ್ಕ ಒಂದೊಂದು ಮೀಟರ್ ಲಾಬಿ ಇರುತ್ತದೆ. ಯಾರನ್ನಾದರೂ ಮುಟ್ಟಿ ಹೋರಾಟ ಶುರುವಾಗುವವರೆಗೆ ಅಲ್ಲಿ ಕಾಲಿಡುವ ಹಾಗಿಲ್ಲ, ಇಟ್ಟರೆ ಔಟ್. ಚಿಕ್ಕ ಹುಡುಗರಿಗೂ ಗೊತ್ತಿರುವ ನಿಯಮ. ಎಡ ಕಾರ್ನರ್‌ನವನು ಸುಮ್ನೆ ಒಮ್ಮೆ ಕೈ ಬೀಸಿದ. ನಾನು ಹೆದರಿ ಪಕ್ಕಕ್ಕೆ ಹಾರಿದೆ, ಸೀದಾ ಲಾಬಿಗೆ. ನಾನು ಯಾರನ್ನೂ ಮುಟ್ಟಿರಲಿಲ್ಲ, ನನ್ನನ್ನೂ ಯಾರೂ ಮುಟ್ಟಿರಲಿಲ್ಲ. ಸುಣ್ಣದ ಗೆರೆಯ ಮೇಲೆ ನನ್ನ ಹೆಜ್ಜೆ ಎಷ್ಟು ಚೆಂದ ಮೂಡಿತ್ತೆಂದರೆ ಅಂಪೈರ್ ಬೆರಳು ತೋರಿಸುವ ಅಗತ್ಯವೇ ಇರಲಿಲ್ಲ. ಒಂದು ಅಂಕದಿಂದ ಸೋತೆವು.

ಅಂದು ಟೆಂಪೋದಲ್ಲಿ ವಾಪಸ್ ಬರುವಾಗ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಘಟ್ಟ ಇಳಿದ ಮೇಲೆ ನಮ್ಮ ಕ್ಯಾಪ್ಟನ್ ಹಿಂದೆ ತಿರುಗಿ ‘ಏನೋ ಲಾಬಿ, ಚಾ ಕುಡಿತ್ಯಾ?’ ಅಂದ. ಎಲ್ಲ ನಕ್ಕರು. ಅಲ್ಲಿಗೆ ನನ್ನ ಹೆಸರು ಮುಗಿಯಿತು.

ಈಗ ಗೊತ್ತಾದದ್ದು ಏನೆಂದರೆ, ಜಿಮಖಾನಾ ಕೋಣೆಯಲ್ಲಿ ಪ್ರತಿ ವರ್ಷ ಹೊಸ ಹುಡುಗರಿಗೆ ಸೀನಿಯರ್‌ಗಳು ಈ ಕತೆ ಹೇಳುತ್ತಾರಂತೆ. ಕಾಲು ಗೆರೆಯ ಹತ್ತಿರ ಹೋದರೆ ಹೊರಗಿನಿಂದ ‘ಲಾಬಿ ಅಣ್ಣ ಕರೀತಿದ್ದಾನೆ’ ಎಂದು ಕೂಗುತ್ತಾರಂತೆ. (ನಮ್ಮಲ್ಲಿ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಜಿಮಖಾನಾ ಅಂತಲೇ ಹೆಸರು, ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್. 1956ರವರೆಗೆ ಮುಂಬಯಿಗೆ ಸೇರಿದ್ದ ಜಿಲ್ಲೆ ಅಲ್ವಾ. ಮೈಸೂರು ಕಡೆಯ ನನ್ನ ಸಹೋದ್ಯೋಗಿಗೆ ಜಿಮಖಾನಾ ಅಂದರೆ ಸಾಹುಕಾರರ ಕ್ಲಬ್ಬು.)

ನಮ್ಮ ಕ್ಯಾಪ್ಟನ್ ಧಾರವಾಡದ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ಬ್ಲೂ ಆದವನು, ಅಂದರೆ ವಿಶ್ವವಿದ್ಯಾಲಯದ ಪರ ಆಡಿದವರಿಗೆ ಸಿಗುವ ಗೌರವ ಪಡೆದವನು. ಬ್ಲೂ ಎಂಬ ಮಾತು ಆಕ್ಸ್‌ಫರ್ಡ್, ಕೇಂಬ್ರಿಜ್ ಕಡೆಯಿಂದ ಬಂದದ್ದು. 1829ರಲ್ಲಿ ದೋಣಿ ಸ್ಪರ್ಧೆ ಶುರು ಮಾಡಿದವರು ಅವರು. ದೋಣಿ ಹುಟ್ಟು ಹಾಕುವುದಕ್ಕೇ ಮರ್ಯಾದೆ ಸಿಗುವುದಾದರೆ ನಮ್ಮ ಅಘನಾಶಿನಿ ದಡದಲ್ಲಿ ಮನೆಗೊಬ್ಬ ಬ್ಲೂ ಇರಬೇಕಿತ್ತು. ಅದಿರಲಿ. ಕ್ಯಾಪ್ಟನ್ ಇವತ್ತು ಆ ಹಳೆಯ ಬ್ಲೇಜರ್ ಹಾಕಿಕೊಂಡೇ ಬಂದಿದ್ದ, ಗುಂಡಿ ಹಾಕಲು ಆಗುತ್ತಿರಲಿಲ್ಲ. ಆ ಹುಡುಗನಿಗೆ ಅವನು ಯಾರೆಂದೇ ಗೊತ್ತಿಲ್ಲ! ‘ಮೂರು ವರ್ಷ ಬೆವರು ಸುರಿಸಿದವನು ನಾನು ಮಾರಾಯಾ, ಹೆಸರು ನಿಂದು’ ಎಂದು ಹೊಟ್ಟೆ ಉರಿಸಿಕೊಂಡ. ಫೋಟೊ ಮಾತ್ರ ನನ್ನ ಹೆಗಲ ಮೇಲೆ ಕೈ ಹಾಕಿಯೇ ತೆಗೆಸಿಕೊಂಡ.

ಹಳಬರು, ಹೊಸಬರ ಆಟ. ಇಪ್ಪತ್ತಿಪ್ಪತ್ತು ನಿಮಿಷ ಎಲ್ಲಿಂದ ಆಡುವುದು, ಐದೈದಕ್ಕೆ ಒಪ್ಪಿದೆವು. ಈಗ ಮ್ಯಾಟ್ ಇದೆ. ಮಣ್ಣಿನಷ್ಟು ಚರ್ಮ ಸುಲಿಯುವುದಿಲ್ಲ, ಆದರೆ ನನಗೆ ಮಣ್ಣೇ ಇಷ್ಟ. ಎರಡು ಸಲ ಲೋನಾ, ಅಂದರೆ ಇಡೀ ತಂಡವೇ ಔಟ್ ಆದೆವು. ನಾನು ರೈಡ್ ಹೋದಾಗ ಮೈದಾನದ ಸುತ್ತ ‘ಲಾಬಿ! ಲಾಬಿ!’ ಕೂಗು. ಗೆರೆಯಿಂದ ಒಂದು ಮಾರು ದೂರದಲ್ಲೇ ನಿಂತು ಕಬಡ್ಡಿ ಕಬಡ್ಡಿ ಅಂದು, ಯಾರನ್ನೂ ಮುಟ್ಟದೆ ವಾಪಸ್ ಬಂದೆ. ಬಂದ ರಭಸಕ್ಕೆ ಮೊಣಕಾಲು ತಿರುಚಿತು. ಇಪ್ಪತ್ತೆರಡು ವರ್ಷ ಕಾದಿದ್ದ ಖಾಲಿ ರೈಡು ಅದು. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು.

ಹೊರಡುವ ಮುಂಚೆ ಹೊಸ ಜೆರ್ಸಿಗಳಿಗೆಂದು ಎರಡು ಸಾವಿರ ಕೊಟ್ಟೆ. ರಸೀದಿ ಬರೆಯುತ್ತಿದ್ದ ಅದೇ ಹುಡುಗ ‘ಹೆಸರು, ಅಣ್ಣಾ?’ ಅಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕ್ಯಾಪ್ಟನ್ ಹೇಳಿಬಿಟ್ಟ.

ಈಗ ಹೆಂಡತಿ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ರಸೀದಿ ತೆಗೆದು ಓದಿದಳು. ‘ಶ್ರೀ ಲಾಬಿ ಅಂತೆ. ಯಾರದ್ರೀ ಇದು?’