ಹೂಮಳೆಯ ಮರುದಿನ, ಮುನ್ನೂರು ಅಡಿ ಎತ್ತರದಲ್ಲಿ

ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿದ್ದ ಮರುದಿನದ ಬೆಳಿಗ್ಗೆ. ಕೊಡಗಿನ ಪೊನ್ನಂಪೇಟೆ ಕಡೆಯ ಗದ್ದೆ ಬಯಲಿನ ಹುಲ್ಲಿನ ಓಡುದಾರಿ ಇನ್ನೂ ಒದ್ದೆ, ತಾಪಮಾನ 21 ಡಿಗ್ರಿ, ತೋಟದ ಮೇಲಿಂದ ಮಂಜು ಆಗಷ್ಟೇ ಸರಿಯುತ್ತಿತ್ತು. ಹೊರಟಿದ್ದು ಹಳೆಯ ಎರಡು ಸೀಟಿನ ವಿಮಾನ: ಬಟ್ಟೆ ಹೊದೆಸಿದ ರೆಕ್ಕೆ, ಬಾಲದಲ್ಲಿ ಪುಟ್ಟ ಚಕ್ರ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ವಿಮಾನ ತಯಾರಿಸುವ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಎಂಬ ಪುಟ್ಟ ವಿಮಾನದ ಓರಗೆಯದು.

ಓಟ ವಾಡಿಕೆಗಿಂತ ಉದ್ದವಾಯಿತು, ಆದರೂ ಎದ್ದಿತು. ಮುನ್ನೂರು ಅಡಿಯ ಹತ್ತಿರ ಎಂಜಿನ್ ಸದ್ದು ಒರಟಾಗಿ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಇಳಿಯತೊಡಗಿತು. ಎದುರಿಗೆ ಸಿಲ್ವರ್ ಓಕ್ ಸಾಲು. ಮರ ಹತ್ತಿರವಾದಾಗ, ಮೂಗು ಎತ್ತಿ ಇಳಿಸುವ ಸ್ಟಿಕ್ ಅನ್ನು ಹಿಂದಕ್ಕೆಳೆಯಬೇಕೆಂದು ಯಾರ ಕೈಗಾದರೂ ಅನಿಸುತ್ತದೆ. ಇಲ್ಲೂ ಹಾಗೇ ಆಯಿತು. ಮೂಗು ಮೇಲೆದ್ದು ಗಾಳಿಯ ಸದ್ದು ತಗ್ಗಿತು, ಬಾಲ ನಡುಗಿತು, ಎಡ ರೆಕ್ಕೆ ಕುಸಿಯಿತು. ಪೈಲಟ್ ತಕ್ಷಣ ಸ್ಟಿಕ್ ಮುಂದೆ ದೂಡಿ, ಬಲ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಒತ್ತಿ, ಮರಗಳ ಪಕ್ಕದ ಕೊಯ್ದ ಗದ್ದೆಗೆ ಇಳಿಸಿದರು. ಬದುವಿಗೆ ತಾಗಿ ಚಕ್ರದ ಕಾಲು ಬಾಗಿತು. ಯಾರಿಗೂ ಪೆಟ್ಟಾಗಲಿಲ್ಲ.

ಓಡಿ ಬಂದವರೆಲ್ಲ ಹೇಳಿದ್ದು ಒಂದೇ: "ಎಂಜಿನ್ ಕೈಕೊಟ್ಟಿತು, ಅದಕ್ಕೇ ಬಿತ್ತು." ಇದು ಅರ್ಧ ಸತ್ಯ. ಎಂಜಿನ್ ಪೂರ್ತಿ ನಿಂತರೂ ಮೂಗು ತಗ್ಗಿಸಿದರೆ ವಿಮಾನ ತೇಲುತ್ತಾ ಇಳಿಯುತ್ತದೆ. ಗಾಳಿಗೂ ರೆಕ್ಕೆಗೂ ನಡುವಿನ ಕೋನ ಸುಮಾರು 15 ಡಿಗ್ರಿ ದಾಟಿದರೆ ಮಾತ್ರ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಹರಿದು, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಆಗ ಜಾರಿದ ರೆಕ್ಕೆಯನ್ನು ಏಲಿರಾನ್‌ನಿಂದ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಎತ್ತಲು ಹೋದರೆ ಆ ರೆಕ್ಕೆಯ ಕೋನ ಇನ್ನೂ ಹೆಚ್ಚಿ, ವಿಮಾನ ಗಿರಗಿರನೆ ತಿರುಗುತ್ತಾ ಬೀಳುವ ಸ್ಪಿನ್‌ಗೆ ಸಿಕ್ಕುತ್ತದೆ. ಮೊದಲು ಮೂಗು ಕೆಳಗೆ, ಜತೆಗೆ ಎದುರು ರಡ್ಡರ್. ಅಷ್ಟು ಕೆಳಗಿನಿಂದ ಓಡುದಾರಿಗೆ ಮರಳುವ ಆಸೆಯೂ ಕೂಡದು: 45 ಡಿಗ್ರಿ ಓರೆಯಾಗಿ ತಿರುಗಿದರೆ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಏರುತ್ತದೆ, ಎತ್ತರವೂ ಕರಗುತ್ತದೆ.

ಇನ್ನು ಶಕ್ತಿ ಕುಂದಿದ್ದೇಕೆ? ಸ್ವಲ್ಪ ಪಾಲು ಎತ್ತರದ್ದು. ಬಯಲು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲಿದೆ. 21 ಡಿಗ್ರಿಯಲ್ಲಿ ಗಾಳಿ ತೆಳುವಾಗಿ, ಎಂಜಿನ್‌ಗೆ ಅದು 1,300 ಮೀಟರ್ ಎತ್ತರದಂತೆ. 90ರಲ್ಲಿ ಹತ್ತು ಅಶ್ವಶಕ್ತಿಗೂ ಹೆಚ್ಚು ಅಲ್ಲೇ ಖೋತಾ. ಮುಖ್ಯ ತಂಟೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನೊಳಗಿನ ಮಂಜುಗಡ್ಡೆ. ಕೊಡಗಿನ ಹಿತವಾದ ಬೆಳಗಿನಲ್ಲಿ ಮಂಜುಗಡ್ಡೆಯೇ ಎಂದು ನಗುವವರಿದ್ದಾರೆ. ಆದರೆ ಪೆಟ್ರೋಲ್ ಆವಿಯಾಗುವಾಗ, ಅದರ ಕಿರಿದಾದ ಕೊರಳಾದ ವೆಂಚುರಿಯಲ್ಲಿ ಒತ್ತಡ ಇಳಿದಾಗ, ಒಳಗಿನ ತಾಪಮಾನ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಗಾಳಿಯಲ್ಲಿ ತೇವ ತುಂಬಿದ್ದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ತಟ್ಟೆಯ ಸುತ್ತ ಗಡ್ಡೆ ಕಟ್ಟುತ್ತದೆ. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಬಿಸಿ ಆಯಿಲ್ ಸಂಪ್‌ಗೆ (ಎಂಜಿನ್ ಎಣ್ಣೆ ನಿಲ್ಲುವ ತೊಟ್ಟಿ) ಅಂಟಿಕೊಂಡಿಲ್ಲ, ಹಾಗಾಗಿ ಬೇಗ ತಣಿಯುತ್ತದೆ. ಅಂದು ಒದ್ದೆ ಹುಲ್ಲಿನ ಮೇಲೆ, ಥ್ರಾಟಲ್ ಬಹುತೇಕ ಮುಚ್ಚಿ, ಬಹಳ ಹೊತ್ತು ಟ್ಯಾಕ್ಸಿ ಮಾಡಿದ್ದೂ (ನೆಲದ ಮೇಲೆ ನಿಧಾನಕ್ಕೆ ಓಡಿಸಿದ್ದೂ) ಕೂಡಿತು.

ಎಂಜಿನ್ ಕವಚ ಬಿಚ್ಚಿ ನೋಡಿದಾಗ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ, ಅಷ್ಟರಲ್ಲಿ ಗಡ್ಡೆ ಕರಗಿರುತ್ತದೆ.

ಹಾರುವ ಮುನ್ನ ತಪಾಸಣೆಗೆ ಒಂದೆರಡು ನಿಮಿಷ ಸಾಕು. 1,700 ಆರ್‌ಪಿಎಂನಲ್ಲಿ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಗುಬ್ಬಿಯನ್ನು (ಎಳೆಯುವ ಹಿಡಿ) ಪೂರ್ತಿ ಎಳೆಯಿರಿ. ಅರ್ಧಂಬರ್ಧ ಎಳೆಯುವುದು ಕೆಟ್ಟ ಅಭ್ಯಾಸ. 75ರಿಂದ 100 ಆರ್‌ಪಿಎಂ ಇಳಿದು ಅಲ್ಲೇ ನಿಂತರೆ ಸರಿ. ಇಳಿದು, ಕೆಮ್ಮಿ, ಮತ್ತೆ ಏರತೊಡಗಿದರೆ ಗಡ್ಡೆ ಕರಗುತ್ತಿದೆ. ಎಂಜಿನ್ ನಯವಾಗುವ ತನಕ ಗುಬ್ಬಿ ಮುಟ್ಟಬೇಡಿ. ಓಡುದಾರಿಯ ತುದಿಯಲ್ಲಿ ಕಾಯಬೇಕಾಗಿ ಬಂದರೆ ಹೊರಡುವ ಮುಂಚೆ ಇದನ್ನೇ ಇನ್ನೊಮ್ಮೆ ಮಾಡಿ. ಪೂರ್ತಿ ಥ್ರಾಟಲ್ ಕೊಡುವಾಗ ಹೀಟ್ ಬಂದ್ ಇರಲಿ, ಬಿಸಿ ಗಾಳಿ ಶಕ್ತಿಯನ್ನು ಕಸಿಯುತ್ತದೆ. ಓಡುದಾರಿಯ ಮೊದಲ ಮೂರನೇ ಒಂದು ಭಾಗದೊಳಗೆ ಆ ವಿಮಾನದ ವಾಡಿಕೆಯ ಆರ್‌ಪಿಎಂ ಬರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ.