ಐದನೆಯ ಬಾರ್‌ನ ಎ-ಫ್ಲಾಟ್

ಜಾಝ್ ಪಿಯಾನೊ ಕಲಿಯಲು ತೊಡಗಿದ ಮೊದಲ ವರ್ಷವೆಲ್ಲ ನಾನು ಬ್ಲೂಸ್ ಸ್ಕೇಲ್ ಎಂಬ ಸ್ವರಗಳ ಸಾಲೊಂದನ್ನೇ ನೆಚ್ಚಿಕೊಂಡಿದ್ದೆ. ಎಫ್ ಬ್ಲೂಸ್ ಆದರೆ ಎಫ್, ಎ-ಫ್ಲಾಟ್, ಬಿ-ಫ್ಲಾಟ್, ಬಿ, ಸಿ, ಇ-ಫ್ಲಾಟ್ ಎಂಬ ಆರು ಸ್ವರಗಳು (ಫ್ಲಾಟ್ ಎಂದರೆ ಆ ಸ್ವರಕ್ಕಿಂತ ಒಂದು ಕೀಲಿ ಕೆಳಗಿನದು). ಬ್ಲೂಸ್‌ನ ಒಂದು ಸುತ್ತಾದ ಹನ್ನೆರಡು ಬಾರ್‌ಗಳ (ತಾಳದ ಸಮನಾದ ತುಂಡುಗಳ) ಉದ್ದಕ್ಕೂ ಇವುಗಳಲ್ಲಿ ಯಾವುದನ್ನು ನುಡಿಸಿದರೂ ತೀರಾ ಅಪಸ್ವರವೆನಿಸುವುದಿಲ್ಲ. ಹೊಸಬರಿಗೆ ಇದು ದೊಡ್ಡ ಧೈರ್ಯ. ಆದರೆ ಒಮ್ಮೆ ಹಿನ್ನೆಲೆಯ ಬೇಸ್, ಡ್ರಮ್ ಏನೂ ಇಲ್ಲದೆ ಬಲಗೈಯ ನುಡಿಕೆಯೊಂದನ್ನೇ ಧ್ವನಿಮುದ್ರಿಸಿ ಕೇಳಿದಾಗ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಲ್ಲಿ ಬದಲಾಯಿತು, ಸುತ್ತು ಎಲ್ಲಿ ಮುಗಿಯಿತು ಎಂಬುದು ನುಡಿಸಿದ ನನಗೇ ತಿಳಿಯಲಿಲ್ಲ.

ಬ್ಲೂಸ್‌ನ ಸರಳ ರೂಪದಲ್ಲಿ ಮೊದಲ ನಾಲ್ಕು ಬಾರ್ ಎಫ್7 (ಎಫ್ ಮೇಲೆ ಕಟ್ಟಿದ ಕಾರ್ಡ್), ಮುಂದಿನ ಎರಡು ಬಿ-ಫ್ಲಾಟ್7, ಮತ್ತೆರಡು ಎಫ್7, ಆಮೇಲೆ ಸಿ7, ಬಿ-ಫ್ಲಾಟ್7, ಕೊನೆಗೆ ಎರಡು ಬಾರ್ ಎಫ್7. ಜಾಝ್‌ನವರು ಎರಡನೆಯ ಬಾರ್‌ನಲ್ಲೇ ಬಿ-ಫ್ಲಾಟ್7ಗೆ ಒಮ್ಮೆ ಹೋಗಿಬರುತ್ತಾರೆ. ಎಂಟನೆಯದರಲ್ಲಿ ಡಿ7 ಇಟ್ಟು, ಒಂಬತ್ತು ಮತ್ತು ಹತ್ತನ್ನು ಜಿ ಮೈನರ್7, ಸಿ7 ಆಗಿಸುತ್ತಾರೆ.

ಇದನ್ನೆಲ್ಲ ಬಾಯಿಪಾಠ ಮಾಡಿದ ಮೇಲೂ ಏನೂ ಬದಲಾಗಲಿಲ್ಲ. ಕಣ್ಣು ತೆರೆಸಿದ್ದು ಪ್ರತಿ ಕಾರ್ಡ್‌ನ ಮೂಲ ಸ್ವರದಿಂದ ಎಣಿಸಿದರೆ ಬರುವ ಮೂರನೆಯ ಮತ್ತು ಏಳನೆಯ ಸ್ವರ. ಎಫ್7ನಲ್ಲಿ ಅವು ಎ ಮತ್ತು ಇ-ಫ್ಲಾಟ್. ಬಿ-ಫ್ಲಾಟ್7ನಲ್ಲಿ ಡಿ ಮತ್ತು ಎ-ಫ್ಲಾಟ್. ಅಂದರೆ ನಾಲ್ಕರಿಂದ ಐದನೆಯ ಬಾರ್‌ಗೆ ದಾಟುವಾಗ ಎ ಇದ್ದದ್ದು ಎ-ಫ್ಲಾಟ್‌ಗೂ, ಇ-ಫ್ಲಾಟ್ ಇದ್ದದ್ದು ಡಿಗೂ ತಲಾ ಒಂದೊಂದು ಸೆಮಿಟೋನ್ (ಪಕ್ಕದ ಕೀಲಿಯಷ್ಟು ಅಂತರ) ಇಳಿಯುತ್ತವೆ, ಅಷ್ಟೇ. ಎಡಗೈಯಲ್ಲಿ ಬೇರೇನೂ ನುಡಿಸದೆ ಈ ಎರಡೆರಡು ಸ್ವರಗಳನ್ನೇ ಒತ್ತುತ್ತಾ ಹೋದರೂ ಬ್ಲೂಸ್‌ನ ಇಡೀ ಆಕಾರ ಕಿವಿಗೆ ಸಿಗುತ್ತದೆ. ನನ್ನ ತಪ್ಪು ಏನೆಂಬುದು ಆಗಲೇ ಹೊಳೆದದ್ದು: ಬ್ಲೂಸ್ ಸ್ಕೇಲ್‌ನಲ್ಲಿ ಎ ಇಲ್ಲವೇ ಇಲ್ಲ, ಇರುವುದು ಎ-ಫ್ಲಾಟ್. ಐದನೆಯ ಬಾರ್‌ನಲ್ಲಿ ಹೊಸದಾಗಿ ಕೇಳಿಸಬೇಕಾದ ಸ್ವರವನ್ನು ನಾನು ಮೊದಲ ಬಾರ್‌ನಿಂದಲೇ ಖರ್ಚು ಮಾಡುತ್ತಿದ್ದೆ.

ಹಾಗೆಂದು ಬ್ಲೂಸ್ ಸ್ಕೇಲ್ ಬಿಡಬೇಕಾಗಿಲ್ಲ. ಅದನ್ನು ಬಿಟ್ಟರೆ ಬ್ಲೂಸ್‌ನ ಖಾರವೇ ಹೋದೀತು. ನಾನೀಗ ಮೊದಲ ನಾಲ್ಕು ಬಾರ್‌ಗಳಲ್ಲಿ ಎಫ್, ಜಿ, ಎ-ಫ್ಲಾಟ್, ಎ, ಸಿ, ಡಿ ಎಂಬ ಮೇಜರ್ ಬ್ಲೂಸ್ ಸ್ಕೇಲ್ ಹಿಡಿಯುತ್ತೇನೆ. ಇಲ್ಲಿ ಎ-ಫ್ಲಾಟ್ ಬರುವುದು ಎ ಕಡೆಗೆ ಜಾರುವುದಕ್ಕೆ. ಪಿಯಾನೊದಲ್ಲಿ ಸ್ವರವನ್ನು ಎಳೆಯಲು ಬರುವುದಿಲ್ಲವಾದ್ದರಿಂದ ಕಪ್ಪು ಕೀಲಿಯಿಂದ ಬಿಳಿಯದಕ್ಕೆ ಬೆರಳನ್ನು ಜಾರಿಸಬೇಕು. ಐದನೆಯ ಬಾರ್ ಬಂದಾಗ ಅದೇ ಎ-ಫ್ಲಾಟ್ ಮೇಲೆ ನಿಲ್ಲುತ್ತೇನೆ.

ಎಂಟನೆಯ ಬಾರ್‌ನಿಂದಾಚೆ ಇನ್ನೂ ಚೆಂದದ ಒಂದು ಎಳೆಯಿದೆ. ಡಿ7ನ ಎಫ್-ಶಾರ್ಪ್, ಜಿ ಮೈನರ್7ನ ಎಫ್, ಸಿ7ನ ಇ, ಮರಳಿ ಎಫ್7ನ ಇ-ಫ್ಲಾಟ್: ನಾಲ್ಕು ಬಾರ್‌ಗಳಲ್ಲಿ ನಾಲ್ಕು ಸ್ವರಗಳು, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಸೆಮಿಟೋನ್ ಕೆಳಗೆ. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಾರ್‌ಗೆ ಒಂದೇ ಸ್ವರದಂತೆ ಇದನ್ನು ವಾರಗಟ್ಟಲೆ ನುಡಿಸಿದೆ. ಬೇಸರದ ಕೆಲಸವೇ ಸರಿ, ಆದರೆ ಬೇರೆ ಯಾವ ಅಭ್ಯಾಸವೂ ನನಗೆ ಇಷ್ಟು ಕೊಟ್ಟಿಲ್ಲ.

ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 1951ರಲ್ಲಿ ಧ್ವನಿಮುದ್ರಿಸಿದ 'ಬ್ಲೂಸ್ ಫಾರ್ ಆಲಿಸ್' ಕೂಡ ಎಫ್‌ನಲ್ಲೇ ಇದೆ. ಅದರ ಮೊದಲ ನಾಲ್ಕು ಬಾರ್‌ಗಳಲ್ಲಿ ಕಾರ್ಡ್‌ಗಳು ಒಂದರ ಹಿಂದೊಂದು ಬದಲಾಗುತ್ತಾ ಹೋಗುವುದರಿಂದ ಇದು ಬ್ಲೂಸ್ ಹೌದೋ ಅಲ್ಲವೋ ಎಂಬ ಅನುಮಾನವೇ ನನಗೆ ಬಂದಿತ್ತು. ಆದರೆ ಎಷ್ಟೆಲ್ಲ ಸುತ್ತಿಬಳಸಿದರೂ ಐದನೆಯ ಬಾರ್‌ಗೆ ಅದು ಬಿ-ಫ್ಲಾಟ್7ಗೇ ಬಂದು ಇಳಿಯುತ್ತದೆ.

ಕಳೆದ ವಾರ ಮತ್ತೆ ಬಲಗೈಯೊಂದನ್ನೇ ಧ್ವನಿಮುದ್ರಿಸಿ ಕೇಳಿದೆ. ಐದನೆಯ ಬಾರ್ ಸ್ಪಷ್ಟವಾಗಿ ಕೇಳಿಸುತ್ತದೆ. ಒಂಬತ್ತನೆಯದು ಇನ್ನೂ ಮಸುಕು.